ಅಲಾಯ್ ಚಕ್ರಕ್ಕೆ ಒಂದು ದಿನದ ಕಾವಲು

ಕಾರಿರುವ ಗೆಳೆಯರೇ, ಇವತ್ತು ಕೂಕಟ್‌ಪಲ್ಲಿಯ ಗ್ಯಾರೇಜಿನಲ್ಲಿ ಕಾರನ್ನು ಸರ್ವೀಸಿಗೆ ಬಿಡುವ ಮುನ್ನ ನಾಲ್ಕೂ ಅಲಾಯ್ ಚಕ್ರಗಳ ಫೋಟೊ ತೆಗೆದುಕೊಂಡೆ. "ಒಂದು ಗೀರು ಬಿದ್ದರೂ ಸುಮ್ಮನಿರಲ್ಲ" ಎಂದು ಬೀದರಿನ ಮೆಕ್ಯಾನಿಕ್ ಮಲ್ಲಪ್ಪನಿಗೆ ಹೇಳಿದೆ.

"ಚಿಂತಿ ಮಾಡಬ್ಯಾಡ್ರಿ ಸಾರ್, ಮಿಷನ್ ಹಚ್ಚಂಗಿಲ್ಲ" ಎಂದು ಆತ ಚಕ್ರದ ನಟ್ಟುಗಳನ್ನು ಕೈಪಾನದಿಂದಲೇ ಬಿಚ್ಚಿ ಬಿಗಿದ. ನಾನು ಆಫೀಸಿಗೆ ರಜೆ ಹಾಕಿ ಸಂಜೆಯವರೆಗೂ ಪಕ್ಕದಲ್ಲೇ ಕೂತಿದ್ದೆ. ಒಂದು ಗೀರೂ ಬೀಳಲಿಲ್ಲ.

ಹೊರಡುವಾಗ, ದೃಷ್ಟಿ ತಾಗದಿರಲೆಂದು ಮಲ್ಲಪ್ಪ ಮುಂದಿನ ಚಕ್ರದಡಿ ನಿಂಬೆಹಣ್ಣು ಇಟ್ಟ. ಚಕ್ರ ಮುಟ್ಟಿದ್ದೇ ತಡ, ಹಣ್ಣು ಪಕ್ಕಕ್ಕೆ ಉರುಳಿತು. ಅದನ್ನು ತುಳಿಸದೆ ಹೋಗಬಾರದೆಂದು ಸ್ಟೀರಿಂಗ್ ಅತ್ತ ತಿರುಗಿಸಿದೆ. ಚಕ್ರ ಗೇಟಿನ ಕಲ್ಲಿಗೆ ಕರಕರನೆ ಉಜ್ಜಿಕೊಂಡಿತು.

ಮಲ್ಲಪ್ಪ ಬಗ್ಗಿ ನೋಡಿದ. "ಈಗೂ ಒಂದ್ ಫೋಟೊ ತಕ್ಕೋರಿ ಸಾರ್" ಎಂದ.

ತೆಗೆದೆ, ಕೆಳಗೆ ಹಾಕಿದ್ದೇನೆ. ಒಂದು ಗೀರೂ ಇಲ್ಲದೆ ಹೊಳೆಯುತ್ತಿರುವುದು ನಿಂಬೆಹಣ್ಣು.