ಕಿವಿಗೆ ಸಿಕ್ಕಿಸಿದ ಟಿಕೆಟ್

ತಲೆಗೆ ಪೆಟ್ಟಾಗಿ ತಿಂಗಳು ಮಲಗಿದ್ದೆ. ಮತ್ತೆ ಗೋಕಾಕ–ಹುಕ್ಕೇರಿ ಬಸ್ಸಿಗೆ ಕಂಡಕ್ಟರಾಗಿ ಹೋದ ಮೊದಲ ದಿನ ತಲೆ ಸಿಡಿಯುತ್ತಿತ್ತು, ಯಾರಿಗೆ ಟಿಕೆಟ್ ಕೊಟ್ಟೆನೆಂಬುದೇ ನೆನಪಿರುತ್ತಿರಲಿಲ್ಲ. ಬದನೆಕಾಯಿ ಬುಟ್ಟಿ ಹಿಡಿದಿದ್ದ ಮಮದಾಪುರದ ಅಜ್ಜಿಯನ್ನು ಮೂರನೇ ಸಲ ಟಿಕೆಟ್ ಕೇಳಿದೆ.

"ಚೇಷ್ಟಿ ಮಾಡಾಕತ್ತಿ ಏನ ತಮ್ಮಾ?"

"ತಲಿಗಿ ಪೆಟ್ಟಾಗೇತಿ ಯವ್ವಾ, ನೆನಪ ನಿಲ್ಲವಲ್ತು," ಎಂದೆ.

ಅಜ್ಜಿ ತನ್ನ ಟಿಕೆಟ್ಟನ್ನು ಕಿವಿಗೆ ಸಿಕ್ಕಿಸಿಕೊಂಡು ಇಡೀ ಬಸ್ಸಿಗೆ ಹೇಳಿದಳು: "ಟಿಕೆಟ್ ತಗೊಂಡವ್ರೆಲ್ಲಾ ಹಿಂಗ ಇಟ್ಕೋರಿ. ಪಾಪ, ಅವಗ ಕೇಳೂ ತ್ರಾಸ ಬ್ಯಾಡ."

ಹುಕ್ಕೇರಿವರೆಗೂ ನಾನು ಬರೀ ಕಿವಿ ನೋಡುತ್ತ ಓಡಾಡಿದೆ.

ಈಗ ಪೂರ್ತಿ ಹುಷಾರಾಗಿದ್ದೇನೆ. ಆದರೂ ಅಜ್ಜಿಯ ಟಿಕೆಟ್ ಕಿವಿಗೇ ಹೋಗುತ್ತದೆ. "ಆರಾಮ ಆಗೇನಿ ಯವ್ವಾ," ಅಂದರೆ, "ಹೋದ ವಾರಾನೂ ಇದನ್ನ ಹೇಳಿದ್ದಿ," ಎಂದು ಮರುಗುತ್ತಾಳೆ.