ಹೊಟ್ಟೆಯಿಲ್ಲದ ಕೂಸುಗಳು

ಬೆಳ್ಳುಳ್ಳಿ ಹಾಕಿ ಕಾಸಿದ ಕೊಬ್ಬರಿ ಎಣ್ಣೆಯ ವಾಸನೆ ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಬಂತು. ನನ್ನ ಕೈ ತಾನಾಗಿಯೇ ಉಡದಾರಕ್ಕೆ ಹೋಯಿತು. ಅಲ್ಲೊಂದು ಬೀಗದ ಕೈ ಕಟ್ಟಿಕೊಂಡಿದ್ದೇನೆ. ನಗಬೇಡ್ರಿ, ಕಾರಣ ಹೇಳುತ್ತೇನೆ.

ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ನನಗೆ ಹಳೆಯ ಎಲೆಕ್ಟ್ರಿಕ್ ಅಪ್‌ರೈಟ್ ಬಾಸ್‌ಗಳನ್ನು ಕೂಡಿಹಾಕುವ ಹುಚ್ಚು. ವಯಸ್ಸಿನಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸುತ್ತಿದ್ದೆ, ಆ ಚಟ ಹೀಗೆ ತಿರುಗಿತು. ನೀವು ನೋಡಿರಲಿಕ್ಕಿಲ್ಲ. ಆಳೆತ್ತರದ ವಾದ್ಯ, ನಾಲ್ಕು ದಪ್ಪ ತಂತಿ, ಪಿಟೀಲಿನ ದೊಡ್ಡಣ್ಣ ಅನ್ನಿ. ಆದರೆ ಪಿಟೀಲಿಗಿರುವ ಹೊಟ್ಟೆ ಇದಕ್ಕಿಲ್ಲ, ಬರೀ ಕುತ್ತಿಗೆ ಮತ್ತು ಬೆನ್ನು. ಕರೆಂಟಿದ್ದರೆ ನಮ್ಮ ಎದೆಯೊಳಗೇ ಗುಂ ಅನ್ನುತ್ತದೆ. ಹೋದರೆ ಬರೀ ಪಿಸುಮಾತು. ಮುಂಬೈಯಲ್ಲಿ ಮುಚ್ಚಿದ ಹೋಟೆಲಿನದೊಂದು, ಗೋವಾದ ಮುದುಕರೊಬ್ಬರದೊಂದು, ಹೀಗೆ ನಾಲ್ಕು ಬಂದು ಒಳಕೋಣೆಯ ಗೋಡೆಗೆ ಒರಗಿದವು.

"ಚೀಲ ಇಡಾಕ ಜಾಗ ಇಲ್ಲ, ಈ ನಾಕು ಬಡಕಲು ಗಂಡಸ್ರನ್ನ ತಂದು ನಿಲ್ಲಿಸೀರಲ್ರಿ!" ಎಂದಳು ಹೆಂಡತಿ.

ಈ ಹುಚ್ಚಿಗೊಂದು ಕಟ್ಟಳೆಯಿದೆ. ಬಣ್ಣ, ತಂತಿ, ಮೈಮೇಲಿನ ಕಲೆ ಕೂಡ ಹಳೆಯದೇ ಇರಬೇಕು. ಹೊಸದೇನಾದರೂ ಮೈಗೆ ಹತ್ತಿತೋ, ಅದರ ಅಪರೂಪ ಹೋಯಿತು. ಇದನ್ನು ನಮ್ಮ ಅವ್ವನಿಗೆ ಹೇಳುವವರು ಯಾರು?

ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವಳು ಅವ್ವ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರೆ ಮುಗೀತು, ಅದು ಅವಳದೇ. ಒಂದು ಸಲ ನಾನು ಕೊಟ್ಟೂರಿಗೆ ಹೋಗಿ ಬರುವಷ್ಟರಲ್ಲಿ ಗೋವಾದ ಬಾಸಿಗೆ ತಲೆಯಿಂದ ಕಾಲತನಕ ಎಣ್ಣೆಯಾಗಿತ್ತು. "ಹೊಟ್ಟಿ ಬೆನ್ನಿಗೆ ಹತ್ತೇತಲ್ಲೋ ಪಾಪ! ಎಣ್ಣಿ ಕಂಡು ಎಷ್ಟು ದಿನ ಆಗಿತ್ತೋ ಏನೋ" ಅಂದಳು. ನನ್ನಂಥದೇ ಹುಚ್ಚಿನ ಪುಣೆಯವರೊಬ್ಬರಿಗೆ ಅದನ್ನು ಕೊಟ್ಟು, ಅವರಿಂದ ಇನ್ನೂ ಅಪರೂಪದ್ದೊಂದನ್ನು ಪಡೆಯುವ ಮಾತಾಗಿತ್ತು. ಬಂದವರು ಬಗ್ಗಿ ಮೂಸಿ ನೋಡಿದರು. "ಬೆಳ್ಳುಳ್ಳಿ?" ಎಂದರು. ಚಹಾ ಕುಡಿದು ಹೋಗಿಬಿಟ್ಟರು. ಅವತ್ತೇ ಕೋಣೆಗೆ ಬೀಗ ಬಿತ್ತು.

ಹೋದ ತಿಂಗಳು ಎದುರುಮನೆಯ ಕೂಸಿಗೆ ನೀರು ಹಾಕುವಾಗ ಅವ್ವನ ಕೈ ನಡುಗಿತು. ಕೂಸು ಒಂಚೂರು ಜಾರಿತು, ಅಷ್ಟೇ, ಏನೂ ಆಗಲಿಲ್ಲ. ಅದರ ಅಜ್ಜಿ ಮೆಲ್ಲಗೆ ಎತ್ತಿಕೊಂಡು, "ಇರ್ಲಿ ಬಿಡಕ್ಕ, ನಾ ಹಾಕ್ತೀನಿ" ಎಂದರು. ಬೈದಿದ್ದರೂ ಚಲೋ ಇತ್ತು. ಆಮೇಲೆ ಯಾರೂ ಕರೆಯಲಿಲ್ಲ. ಅವ್ವ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು ಕೂಡತೊಡಗಿದಳು. ಅದನ್ನು ನೋಡಿದಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಇವತ್ತು ವಾಸನೆ ಹಿಡಿದು ಹೋದರೆ, ಎಣ್ಣೆಯ ಬಟ್ಟಲು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಾಳೆ.

"ಯಾರಿಗೆ ಕಾಸಿದಿ ಯವ್ವಾ?"

"ಮನಸ್ಸು ತಡೀಲಿಲ್ಲಪ್ಪ, ಕಾಸಿದೆ. ತಿಕ್ಕಾಕ ಕೂಸು ಎಲ್ಲೈತಿ?"

ಕೋಣೆಯ ಬೀಗ ತೆಗೆದೆ. ನಾಲ್ಕರಲ್ಲಿ ಎಲ್ಲಕ್ಕಿಂತ ಅಪರೂಪದ್ದು, ನಾನೇ ಮುಟ್ಟಲು ಹೆದರುವಂಥದ್ದು, ಅದನ್ನೇ ಹೊತ್ತು ತಂದೆ. ಕೌದಿ ಹಾಸಿ, ಚಾಚಿದ ಅವಳ ಕಾಲ ಮೇಲೆ ಅದರ ಕುತ್ತಿಗೆ ಇಟ್ಟೆ.

ಅವ್ವ ಕೈ ಹೊರಗೆ ತೆಗೆಯಲಿಲ್ಲ. "ಜಾರಿದ್ರ?"

"ಜಾರಲ್ಲ ಯವ್ವಾ. ನಾ ಹಿಡಕಂಡೀನಿ."

ನಡುಗುವ ಬೆರಳುಗಳು ಎಣ್ಣೆಗೆ ಇಳಿದವು. ಹಳೆಯ ಬಣ್ಣದ ಮೇಲೆ ಎಣ್ಣೆ ಹರಿದಾಗ ನಾನು ಹಿಡಿತ ಬಿಗಿ ಮಾಡಿದೆ. ಅಷ್ಟರಲ್ಲಿ ಹೆಬ್ಬೆರಳು ದಪ್ಪ ತಂತಿಗೆ ತಾಗಿ, ಕರೆಂಟಿಲ್ಲದೆಯೂ ಸಣ್ಣಗೆ ಗುಂ ಎಂದಿತು.

"ಅಳಾಕತ್ತೈತಿ ನೋಡಲೇ!" ಅವ್ವ ನಕ್ಕಳು. ಈ ತಿಂಗಳಲ್ಲಿ ಮೊದಲ ಸಲ.

ತಿಕ್ಕಿ ಮುಗಿಸಿ ಕೇಳಿದಳು: "ನಾಳಿಗೆ ಯಾವ ಕೂಸಿನ ಪಾಳಿ?"

ಉಡದಾರದಿಂದ ಬೀಗದ ಕೈ ಬಿಚ್ಚಿ ಅವಳ ಸೆರಗಿನ ತುದಿಗೆ ಕಟ್ಟಿದೆ. "ನೀನೇ ನೋಡು" ಎಂದೆ.