ಆಪಾ ಮನೆಗೆ ಕಳಿಸಿದ ಅಣಬೆ ಸಾರು

ನನ್ನ ತೌರುಮನೆಯಲ್ಲಿ ಮೊಟ್ಟೆ ಒಡೆದ ಸದ್ದು ಕೇಳಿದವರಿಲ್ಲ. ಅಂಥ ಮನೆಯವರಿಗೆ ಅಣಬೆಯೇ ಬಾಡೂಟ. ಗುಂಡ್ಲುಪೇಟೆಯಿಂದಾಚೆ, ನಮ್ಮ ಹೊಲದ ಬದುವಿನಲ್ಲಿ ಸಾಲಾಗಿ ನಿಂತ ನೀಲಗಿರಿ ಮರಗಳ ಬುಡದಲ್ಲಿ, ಮೊದಲ ಗುಡುಗು ಮಳೆ ಬಿದ್ದ ನಾಲ್ಕೈದು ದಿನಕ್ಕೆ ಕಂದು ಬಣ್ಣದ ಅಣಬೆ ಏಳುತ್ತಿತ್ತು. ಕೊಡೆಯ ಅಂಚು ಒಳಕ್ಕೆ ಸುರುಟಿಕೊಂಡಿರುತ್ತಿದ್ದರಿಂದ ಮನೆಯಲ್ಲಿ ಅದನ್ನು ಮುರುಟಣಬೆ ಎನ್ನುತ್ತಿದ್ದರು. ಬೇರೆಯವರು ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಅದು ಎಲ್ಲಿ ಏಳುತ್ತದೆಂದು ನಾವು ಬೇರೆಯವರಿಗೆ ಬಾಯಿ ಬಿಟ್ಟವರೂ ಅಲ್ಲ.

ಅವ್ವ ಅದನ್ನು ಒಳಗಿನ ಒಲೆಗೆ ಸೇರಿಸುತ್ತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಅದಕ್ಕೆಂದೇ ಇಟ್ಟಿದ್ದ ಮಡಕೆಯಲ್ಲಿ ಎರಡು ಸಲ ಕುದಿಸಿ ನೀರು ಚೆಲ್ಲುತ್ತಿದ್ದಳು. ಮೂರನೇ ನೀರಿಗೆ ಬೆಳ್ಳಿಯ ಕಾಲುಂಗುರ ಹಾಕಬೇಕು. ಗಂಡ ಇರುವವಳು ತನ್ನ ಕಾಲಿನದನ್ನು ಬಿಚ್ಚುವಂತಿಲ್ಲವಲ್ಲ, ಅದಕ್ಕೆ ಅಜ್ಜಿಯ ಹಳೆಯದೊಂದು ಅಟ್ಟದ ಮೇಲಿನ ಡಬ್ಬದಲ್ಲಿರುತ್ತಿತ್ತು. ಬೆಳ್ಳಿ ಕಪ್ಪಾಗದಿದ್ದರೆ ಅಣಬೆ ಒಳ್ಳೆಯದು. ಆಮೇಲೆ ಕಾಯಿ, ಗಸಗಸೆ, ಬೆಳ್ಳುಳ್ಳಿ ರುಬ್ಬಿ ಹಾಕಿದರೆ ಆ ಸಾರಿಗೆ ಎರಡು ಮುದ್ದೆ ಸಾಲುತ್ತಿರಲಿಲ್ಲ. ನಾನು ಮದುವೆಯಾಗಿ ಚಾಮರಾಜನಗರಕ್ಕೆ ಬಂದಾಗ ಅವ್ವ ಆ ಕಾಲುಂಗುರವನ್ನು ನನ್ನ ಸೆರಗಿಗೆ ಕಟ್ಟಿ ಕಳಿಸಿದಳು. ಚಿನ್ನ ಕೊಡಲಿಲ್ಲವೆಂದು ಅತ್ತೆ ಗೊಣಗಿದರು, ಅದು ಬೇರೆ ಮಾತು.

ನಮ್ಮ ಗೋಡೆಗೆ ಅಂಟಿಕೊಂಡಂತೆ ಆಪಾ ಮನೆ. ಅವರ ಗಂಡನಿಗೆ ಹಾಸಿಗೆ, ದಿಂಬು ಹೊಲಿಯುವ ಕೆಲಸ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಸೂಜಿ ದಾರದಿಂದ ಶುರುವಾದ ಸ್ನೇಹ ಅದು. ನಾನು ಅವರನ್ನು ಉರ್ದುವಿನಲ್ಲಿ ಆಪಾ ಎನ್ನುತ್ತೇನೆ, ಅವರು ನನ್ನನ್ನು ಕನ್ನಡದಲ್ಲಿ ಅಕ್ಕ ಎನ್ನುತ್ತಾರೆ. ಇಬ್ಬರಲ್ಲಿ ದೊಡ್ಡವರು ಯಾರೆಂಬುದನ್ನು ಇಪ್ಪತ್ತು ವರ್ಷದಿಂದ ಇಬ್ಬರೂ ಬಾಯಿ ಬಿಟ್ಟು ಹೇಳಿಲ್ಲ.

ಪ್ರತಿ ಮುಂಗಾರಿನಲ್ಲೂ ಅಣ್ಣ ಊರಿಂದ ಬಸ್ಸಿನಲ್ಲಿ ಅಣಬೆ ತರುತ್ತಿದ್ದ. ನಾನು ಅವ್ವನ ಕ್ರಮದಲ್ಲೇ ಸಾರು ಮಾಡಿ, ಹಿಡಿ ಇರುವ ಸ್ಟೀಲ್ ಡಬ್ಬಿಯಲ್ಲಿ ಮೊದಲ ಪಾಲು ಆಪಾ ಮನೆಗೆ ಕೊಡುತ್ತಿದ್ದೆ. ಡಬ್ಬಿ ಖಾಲಿ ವಾಪಸ್ ಬರಬಾರದು. ಅದು ಎರಡೂ ಮನೆಯ ಕಟ್ಟಳೆ. ಅವರ ಹಿತ್ತಲ ನುಗ್ಗೆಕಾಯಿ ತುಂಬಿಕೊಂಡು ಬರುತ್ತಿತ್ತು, ಜೊತೆಗೆ ಒಂದು ಮಾತು: "ತುಂಬಾ ಚೆನ್ನಾಗಿತ್ತಕ್ಕ!" ಹೊಗಳಿಕೆಗೆ ಉಬ್ಬುವ ಜಾತಿ ನಾನು. ಮರುವರ್ಷ ಇನ್ನೂ ಒಂದು ಸೌಟು ಜಾಸ್ತಿ ಹಾಕುತ್ತಿದ್ದೆ.

ಹೋದ ಮುಂಗಾರಿನಲ್ಲಿ ಆಪಾ ಮಗಳು ಚೊಚ್ಚಲ ಹೆರಿಗೆಗೆ ತೌರಿಗೆ ಬಂದಿದ್ದಳು. ಏಳು ತಿಂಗಳು. ನನ್ನ ಹೊಲಿಗೆ ಮಿಷನ್ನಿನ ಕೆಳಗೆ ಬಟ್ಟೆಚೂರು ಆರಿಸುತ್ತ ಬೆಳೆದ ಹುಡುಗಿ ಅವಳು. ಅದೇ ವಾರ ಅಣ್ಣ ಪಂಚೆಯ ತುಂಡಿನಲ್ಲಿ ಅಣಬೆ ಕಟ್ಟಿಕೊಂಡು ಬಂದ.

"ತಗಳಮ್ಮಿ, ಈ ಸಲ ಬೋ ಚೆನ್ನಾಗ್ ಎದ್ದವೆ ಕಣಮ್ಮಿ. ನಲುಗೋಗ್ತವೆ ಅಂತ ತೊಡೆ ಮ್ಯಾಲೇ ಮಡಿಕಂಡ್ ಬಂದಿವ್ನಿ," ಎಂದ.

ಬಸುರಿ ಹುಡುಗಿ, ಬಾಯಿ ಕೆಟ್ಟಿರುತ್ತದೆ, ಏನಾದರೂ ಖಾರವಾಗಿ ತಿನ್ನಬೇಕು ಅನಿಸುತ್ತದೆ ಎಂದು ನಾನೇ ಲೆಕ್ಕ ಹಾಕಿದೆ. ಅವಳು ಕೇಳಿರಲಿಲ್ಲ. ಕಾಲುಂಗುರ ಹಾಕಿ ನೋಡಿದೆ, ಹೊಳೆಯುತ್ತಲೇ ಇತ್ತು. ಹನ್ನೊಂದು ಗಂಟೆಗೆ ಡಬ್ಬಿ ತುಂಬ ಸಾರು ಕೊಟ್ಟು, "ಮಗಳಿಗೆ ಮೊದ್ಲು ಬಡಿಸಿ ಆಪಾ," ಎಂದು ಹೇಳಿ ಬಂದೆ. ನಮ್ಮ ಪಾಲನ್ನು ರಾತ್ರಿ ಮುದ್ದೆಗೆಂದು ಮುಚ್ಚಿಟ್ಟೆ.

ಮಧ್ಯಾಹ್ನ ನಮ್ಮ ಮಹಿಳಾ ಸಂಘದವರಿಗೆ ಅಣಬೆ ಬೆಳೆಯುವ ತರಬೇತಿ ಇತ್ತು. ಹುಲ್ಲಿನ ಚೀಲದಲ್ಲಿ ಬಿಳಿ ಅಣಬೆ ಬೆಳೆಸುವುದು ಹೇಗೆಂದು ಹೇಳಿಕೊಡಲು ಒಬ್ಬ ಮೇಡಂ ಬಂದಿದ್ದರು. ಅಣಬೆಯ ವಿಷಯ ನನಗೇ ಪಾಠ ಹೇಳಲು ಬಂದಿದ್ದಾರಲ್ಲ ಎಂದು ನಾನು ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದೆ. ಕೊನೆಗೆ ಅವರು ಕಾಡಣಬೆಯ ಚಿತ್ರ ತೋರಿಸತೊಡಗಿದರು. ಮೂರನೆಯದೋ ನಾಲ್ಕನೆಯದೋ ಚಿತ್ರದಲ್ಲಿ ನಮ್ಮ ಮುರುಟಣಬೆ ಇತ್ತು. ಅದೇ ಕಂದು, ಅದೇ ಸುರುಟಿದ ಅಂಚು.

"ಇದನ್ನ ಹಿಂದೆ ಎಷ್ಟೋ ದೇಶಗಳಲ್ಲಿ ಇಷ್ಟಪಟ್ಟು ತಿಂತಿದ್ರು, ಸಂತೇಲೂ ಮಾರ್ತಿದ್ರು," ಎಂದರು ಮೇಡಂ. "ಈಗ ವಿಷ ಅಂತ ಗೊತ್ತಾಗಿದೆ. ತಿಂದ ತಕ್ಷಣ ಏನೂ ಆಗ್ದೇ ಇರಬಹುದು. ವರ್ಷಗಟ್ಟಲೆ ಏನೂ ಆಗಲ್ಲ. ಒಂದು ಸಲ ಮಾತ್ರ ಮೈಯೇ ತನ್ನ ರಕ್ತದ ಮೇಲೆ ತಿರುಗಿ ಬೀಳುತ್ತೆ. ಕಾಮಾಲೆ ಬರುತ್ತೆ, ಕಿಡ್ನಿ ನಿಲ್ಲುತ್ತೆ. ಯಾರಿಗೆ, ಯಾವಾಗ ಅಂತ ಹೇಳಕ್ಕಾಗಲ್ಲ."

ನಾನು ಎದ್ದು ನಿಂತು, ಬೆಳ್ಳಿ ಹಾಕಿ ನೋಡಿದರೆ ಎಂದು ಕೇಳಿದೆ. ಬೆಳ್ಳಿಗೆ ವಿಷ ಗೊತ್ತಾಗುವುದಿಲ್ಲ ಎಂದರು. ಕುದಿಸಿ ನೀರು ಚೆಲ್ಲಿದರೆ? ಅದರಿಂದಲೂ ಹೋಗುವುದಿಲ್ಲ ಎಂದರು. ನಿಮ್ಮದು ಇದೇನಾ ಎಂದು ಕೈಯಲ್ಲಿ ಹಿಡಿದು ನೋಡದೆ ಹೇಳಲಾರೆ, ಆದರೆ ತಿನ್ನಬೇಡಿ ಎಂದರು. ಅವರು ಮಾತು ಮುಗಿಸುವ ಹೊತ್ತಿಗೆ ನಾನು ಚಪ್ಪಲಿ ಹುಡುಕುತ್ತಿದ್ದೆ.

ಆಪಾಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ಅವರು ಒಂದು ಕೋಳಿನಿದ್ದೆ ಮಾಡುತ್ತಾರೆ, ಫೋನು ಅಡುಗೆಮನೆಯ ಚಾರ್ಜರಿನಲ್ಲಿರುತ್ತದೆ. ಆಟೋ ಹತ್ತಿದೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದವನು ನನ್ನ ಚಿಕ್ಕಪ್ಪ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮುರುಟಣಬೆ ತಿನ್ನುತ್ತಿದ್ದವನು ಅವನು. ಒಂದು ಮಳೆಗಾಲ ಕಣ್ಣು ಹಳದಿಯಾಗಿ ಮಲಗಿದ, ಏಳಲಿಲ್ಲ. ದೃಷ್ಟಿಯಾಯಿತು ಎಂದರು, ಗಾಳಿ ಸೋಕಿತು ಎಂದರು. ಅಣಬೆಯ ಹೆಸರು ಯಾರೂ ಎತ್ತಲಿಲ್ಲ. ಅದರಿಂದಲೇ ಹೋದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವತ್ತು ಆಟೋದಲ್ಲಿ ಮಾತ್ರ ಅದರಿಂದಲೇ ಎಂದು ನನಗೆ ಖಾತ್ರಿಯಾಗಿತ್ತು. ಆ ಹುಡುಗಿಗೆ ಏನಾದರೂ ಆದರೆ, ಹೊಟ್ಟೆಯಲ್ಲಿರುವುದಕ್ಕೆ ಏನಾದರೂ ಆದರೆ, ನನ್ನ ಕೈಯಾರೆ ಬಡಿಸಿದ್ದು. ದೇವರನ್ನೂ ಬೈದೆ, ಅಣ್ಣನನ್ನೂ ಬೈದೆ, ನಿಧಾನವಾಗಿ ಹೋಗುತ್ತಿದ್ದ ಆಟೋದವನನ್ನೂ ಬಿಡಲಿಲ್ಲ.

ಆಪಾ ಮನೆಯ ಬಾಗಿಲು ತೆರೆದೇ ಇತ್ತು. ನೆಟ್ಟಗೆ ಅಡುಗೆಮನೆಗೆ ನುಗ್ಗಿದೆ. ಕಟ್ಟೆಯ ಮೇಲೆ ನನ್ನ ಡಬ್ಬಿ ತೊಳೆದು ಬೋರಲು ಹಾಕಿತ್ತು. ಒಂದು ತೊಟ್ಟೂ ಉಳಿದಿರಲಿಲ್ಲ. ನಡುಮನೆಯಲ್ಲಿ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊಸ್ತಿಲಲ್ಲೇ ನಿಂತು ಆಪಾ ಎಂದು ಕೂಗಿದೆ.

ಸದ್ದಿಗೆ ಆಪಾ ಎದ್ದು ಬಂದರು. "ಏನಾಯ್ತಕ್ಕ?"

"ಮಗಳು ಎಷ್ಟು ತಿಂದ್ಲು ಆಪಾ? ಬೇಗ ಹೇಳಿ, ಆಸ್ಪತ್ರೆಗೆ ಹೋಗನ. ಅದು ವಿಷದ ಅಣಬೆಯಂತೆ."

ಆಪಾ ಮುಖದಲ್ಲಿ ಗಾಬರಿ ಕಾಣುತ್ತದೆಂದು ನಾನು ಕಾದೆ. ಕಾಣಿಸಿದ್ದು ನಾಚಿಕೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು, ಮಗಳ ಕಡೆ ನೋಡಿದರು, ಹಿತ್ತಲ ಕಡೆ ನೋಡಿದರು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಅವಳು ತಿಂದಿಲ್ಲ. ನಾವ್ಯಾರೂ ತಿಂದಿಲ್ಲ."

"ಹಂಗಾರೆ ಡಬ್ಬಿ?"

"ನುಗ್ಗೆ ಮರದ ಬುಡಕ್ಕೆ ಹಾಕ್ಬಿಟ್ಟೆ." ಬೋರಲು ಹಾಕಿದ್ದ ಡಬ್ಬಿಯನ್ನು ಎತ್ತಿ ಒರೆಸುತ್ತ, "ಪ್ರತಿ ವರ್ಷ ಅಲ್ಲೇ ಹಾಕೋದು ಅಕ್ಕ. ಅಣಬೆ ವಾಸನೆ ನಮ್ಮನೇಲಿ ಯಾರಿಗೂ ಆಗಲ್ಲ," ಎಂದರು.

ನಾನು ಅತ್ತುಬಿಟ್ಟೆ. ಜೋರಾಗಿ, ನಾಚಿಕೆಯಿಲ್ಲದೆ, ಮೂಗು ಸುರಿಸಿಕೊಂಡು ಅತ್ತೆ. ಹುಡುಗಿ ಎದ್ದು ಕೂತು, "ಆಂಟಿ, ನೀರು ಕುಡೀರಿ," ಎಂದು ಲೋಟ ಹಿಡಿದಳು. ಅವಳ ಕಣ್ಣು ಬೆಳ್ಳಗಿತ್ತು. ಅದನ್ನು ನೋಡಿದಷ್ಟೂ ಎದೆಯ ಮೇಲಿನ ಕಲ್ಲು ಇಳಿಯಿತು. ಲೋಟ ಖಾಲಿಯಾದ ಮೇಲೆ ನಿಧಾನವಾಗಿ ಸಿಟ್ಟು ಬಂತು.

"ಮತ್ತೆ ಇಪ್ಪತ್ತು ವರ್ಷ ಚೆನ್ನಾಗಿತ್ತು ಚೆನ್ನಾಗಿತ್ತು ಅಂತಿದ್ದಿದ್ದು?"

"ನೀವು ಡಬ್ಬಿ ಹಿಡ್ಕೊಂಡು ಬರೋವಾಗ ನಿಮ್ಮ ಮುಖ ನೀವು ನೋಡಿಲ್ಲ ಅಕ್ಕ. ಬೇಡ ಅಂತ ಹೆಂಗೆ ಹೇಳೋದು?"

ನಾನು ಹಿತ್ತಲ ನುಗ್ಗೆ ಮರದ ಕಡೆ ನೋಡಿದೆ. ನನ್ನ ಮುರುಟಣಬೆಯನ್ನು ತಿಂದ ಮರದ ಕಾಯಿಯನ್ನೇ ನಾನು ವರ್ಷವರ್ಷ ಹುಳಿಗೆ ಹಾಕಿ ಉಂಡಿದ್ದೆ.

ಮನೆಗೆ ಬಂದು ನಮ್ಮ ಪಾಲಿನ ಸಾರನ್ನು ಗುಂಡಿ ತೋಡಿ ಹೂತೆ. ಅಣ್ಣನಿಗೆ ಫೋನ್ ಮಾಡಿದೆ. "ನಮ್ಮವ್ವ ಜೀವಮಾನವೆಲ್ಲ ತಿಂದು ಗುಂಡುಕಲ್ಲಂಗೆ ಇರ್ನಿಲ್ವಾ, ಬುಡಮ್ಮಿ," ಎಂದ. "ಚಿಕ್ಕಪ್ಪ ಹಂಗಿದ್ನಾ?" ಎಂದೆ. ಮಾರನೇ ದಿನ ಅವನೂ ಅತ್ತಿಗೆಯೂ ಗುಂಡ್ಲುಪೇಟೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದರು, ನಾನೂ ನನ್ನ ಗಂಡನೂ ಇಲ್ಲಿ ಕೊಟ್ಟೆವು. ನಾಲ್ವರಿಗೂ ಏನೂ ಇಲ್ಲವೆಂದರು. ಅಜ್ಜಿಯ ಕಾಲುಂಗುರ ಈಗ ನನ್ನ ರವಿಕೆ ಗುಂಡಿಗಳ ಡಬ್ಬದಲ್ಲಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ಗೊತ್ತಿಲ್ಲದ ಕೆಲಸಕ್ಕೆ ಅದನ್ನು ಹಚ್ಚಿದವರು ನಾವು.

ಎರಡು ತಿಂಗಳಿಗೆ ಹುಡುಗಿಗೆ ಹೆಣ್ಣುಮಗು ಹುಟ್ಟಿತು. ಹೆಸರಿಟ್ಟ ದಿನ ಆಪಾ ನನ್ನದೇ ಡಬ್ಬಿಯಲ್ಲಿ ಶಾವಿಗೆ, ಖರ್ಜೂರ ಹಾಕಿದ ಹಾಲುಪಾಯಸ ಕಳಿಸಿದರು. ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಹಬ್ಬಹಬ್ಬಕ್ಕೂ ಆ ಪಾಯಸ ನಮ್ಮ ಮನೆಗೆ ಬರುತ್ತಿತ್ತು. ಮಾಂಸ ಬೇಯಿಸುವ ಮನೆಯ ಪಾತ್ರೆಯದು ಎಂದು ಅತ್ತೆ ಅದನ್ನು ನಮ್ಮ ಹಸುವಿನ ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ, ಯಾರ ಬಲವಂತವೂ ಇಲ್ಲದೆ, ನಾನೂ ಅದನ್ನೇ ಮಾಡಿಕೊಂಡು ಬಂದಿದ್ದೆ. "ತುಂಬಾ ಚೆನ್ನಾಗಿತ್ತು ಆಪಾ," ಎಂದು ನಾನೂ ಹೇಳುತ್ತಿದ್ದೆ.

ಅವತ್ತು ಡಬ್ಬಿಯ ಮುಚ್ಚಳ ತೆಗೆದು, ನಿಂತಲ್ಲೇ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಆಮೇಲೆ ಕೂತುಕೊಂಡೆ. ಡಬ್ಬಿ ಬರಿದಾಗುವವರೆಗೆ ಏಳಲಿಲ್ಲ, ಗಂಡನಿಗೂ ಉಳಿಸಲಿಲ್ಲ.

ಡಬ್ಬಿಗೆ ಬಾಳೆಹಣ್ಣು ತುಂಬಿಕೊಂಡು ಹೋಗಿ, ಆಪಾ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇವತ್ತೇ ಮೊದಲು ತಿಂದದ್ದು, ಇಷ್ಟು ವರ್ಷ ಹಸು ತಿಂದದ್ದು. ಆಪಾ ಮುಖ ಬಾಡಿತು. ಡಬ್ಬಿಯಿಂದ ಒಂದು ಬಾಳೆಹಣ್ಣು ತೆಗೆದು ಸುಲಿದರು. ಆಮೇಲೆ ತುಂಬಾ ಕಾಳಜಿಯಿಂದ ಕೇಳಿದರು:

"ನಿಮ್ಮ ಹಸುಗೇನೂ ಆಗ್ಲಿಲ್ವಲ್ಲ ಅಕ್ಕ?"

ನಾವಿಬ್ಬರೂ ನಕ್ಕ ಸದ್ದಿಗೆ ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಎದ್ದು, ಬೀದಿಗೆಲ್ಲ ಕೇಳುವಂತೆ ಅಳಲು ಶುರುಮಾಡಿತು. ಹುಡುಗಿ ಸಮಾಧಾನ ಮಾಡಲು ಓಡಿ ಬಂದಳು. ಸ್ವಲ್ಪ ಹೊತ್ತು ಬಿಡು, ಅಳಲಿ ಎಂದೆ. ಆ ಗಟ್ಟಿ ದನಿಯನ್ನು ಇನ್ನೂ ಒಂದಿಷ್ಟು ಕೇಳಬೇಕಿತ್ತು ನನಗೆ.